ಔತಣಕ್ಕೆ ಎಷ್ಟು ಐಸ್‌ಕ್ರೀಂ? ಕೊನೆಯ ಪಂಗತಿಗೂ ಸಾಲುವ ಲೆಕ್ಕಾಚಾರ

ಬೀದರ್: ಗೋಧಿ ಹುಗ್ಗಿ, ಹೋಳಿಗೆ, ಬುಂದಿಗಳಿಂದ ಸಂಪನ್ನವಾಗುತ್ತಿದ್ದ ಈ ಭಾಗದ ಮದುವೆ ಊಟಕ್ಕೆ ಐಸ್‌ಕ್ರೀಂ ಸೇರ್ಪಡೆಯಾಗಿ ಬಹಳ ವರ್ಷಗಳಾದವು. ಬೀದರ್ ನಗರದ ಫಂಕ್ಷನ್ ಹಾಲ್‌ಗಳಲ್ಲಷ್ಟೇ ಅಲ್ಲ, ಭಾಲ್ಕಿಯ ಕಲ್ಯಾಣ ಮಂಟಪಗಳಲ್ಲೂ ಔರಾದ್‌ನ ಮನೆಯಂಗಳದ ಶಾಮಿಯಾನದಲ್ಲೂ ಊಟ ಮುಗಿಸಿ ಎದ್ದವರು ಐಸ್‌ಕ್ರೀಂ ಎಲ್ಲಿದೆ ಎಂದು ಕಣ್ಣಾಡಿಸುವುದು ವಾಡಿಕೆಯಾಗಿದೆ. ಮದುವೆ, ತೊಟ್ಟಿಲು, ಕುಬಸ, ಗೃಹಪ್ರವೇಶ, ವಲೀಮಾ, ಹುಟ್ಟುಹಬ್ಬ ಹೀಗೆ ಸಂದರ್ಭ ಯಾವುದೇ ಇರಲಿ, ಮನೆಯ ಯಜಮಾನನನ್ನು ಕಾಡುವ ಪ್ರಶ್ನೆ ಒಂದೇ: ಎಷ್ಟು ತರಬೇಕು?

ಅಕ್ಕಿ, ಬೇಳೆ, ಎಣ್ಣೆಗಳ ಅಂದಾಜು ಅನುಭವಿ ಅಡುಗೆಯವರಿಗೆ ಬಾಯಿಪಾಠ. ಅಂದಾಜು ತಪ್ಪಿದರೂ ಉಳಿದ ಅಕ್ಕಿ ಮನೆಗೆ ಬರುತ್ತದೆ, ಕಡಿಮೆಯಾದರೆ ಮತ್ತೊಂದು ಹಂಡೆ ಒಲೆಯ ಮೇಲೇರುತ್ತದೆ. ಐಸ್‌ಕ್ರೀಂ ವಿಷಯದಲ್ಲಿ ಈ ಎರಡೂ ಅವಕಾಶಗಳಿಲ್ಲ. ಹೆಚ್ಚಾದರೆ ಕಣ್ಣೆದುರೇ ಕರಗಿ ಹಣ ನೀರಾಗುತ್ತದೆ. ಕಡಿಮೆಯಾದರೆ ಅದರ ಪೆಟ್ಟು ಬೀಳುವುದು ಮೊದಲ ಪಂಗತಿಯ ಗಣ್ಯರಿಗಲ್ಲ. ಬಡಿಸಿ ಬಡಿಸಿ ಕೊನೆಗೆ ಊಟಕ್ಕೆ ಕೂರುವ ಮನೆಯ ಹೆಣ್ಣುಮಕ್ಕಳು, ಅಡುಗೆಯವರು, ಬಾಜಾ ಭಜಂತ್ರಿಯವರು, ವಾಹನ ಚಾಲಕರು ಮತ್ತು ಅವರೊಂದಿಗೆ ಬಂದ ಮಕ್ಕಳು ಖಾಲಿ ಡಬ್ಬಿ ನೋಡಬೇಕಾಗುತ್ತದೆ. ಆದ್ದರಿಂದ ಲೆಕ್ಕ ಸರಿಯಾಗಿರುವುದು ಖರ್ಚಿನ ದೃಷ್ಟಿಯಿಂದ ಮಾತ್ರವಲ್ಲ, ಮರ್ಯಾದೆಯ ದೃಷ್ಟಿಯಿಂದಲೂ ಅಗತ್ಯ.

ಕಿಲೋ ಅಲ್ಲ, ಲೀಟರ್

ಮೊದಲ ಗೊಂದಲ ಅಳತೆಯದ್ದು. ಸಿಹಿ ತಿನಿಸುಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡು ರೂಢಿಯಾದವರು ಐಸ್‌ಕ್ರೀಂ ಅನ್ನೂ ಹಾಗೆಯೇ ಎಣಿಸುತ್ತಾರೆ. ಆದರೆ ಐಸ್‌ಕ್ರೀಂ ಮಾರಾಟವಾಗುವುದು ಸಾಮಾನ್ಯವಾಗಿ ಲೀಟರ್ ಮತ್ತು ಮಿಲಿಲೀಟರ್‌ಗಳಲ್ಲಿ. ತಯಾರಿಕೆಯ ಸಮಯದಲ್ಲಿ ಹಾಲಿನ ಮಿಶ್ರಣವನ್ನು ಕಡೆಯುತ್ತಾ ಗಟ್ಟಿಗೊಳಿಸುವಾಗ ಅದರೊಳಗೆ ಗಾಳಿ ಸೇರುತ್ತದೆ. ಗಾಳಿ ಇಲ್ಲದಿದ್ದರೆ ಐಸ್‌ಕ್ರೀಂ ಕಲ್ಲಿನಂತಾಗುತ್ತದೆ. ಗಾಳಿ ಹೆಚ್ಚಾದಷ್ಟೂ ಡಬ್ಬಿ ತುಂಬಿದಂತೆ ಕಂಡರೂ ತೂಕ ಇಳಿಯುತ್ತದೆ.

ಈ ಕಾರಣದಿಂದಲೇ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ರೂಪಿಸಲಾದ ನಿಯಮಗಳು ಕನಿಷ್ಠ ತೂಕವನ್ನು ನಿಗದಿಪಡಿಸಿವೆ. ಅದರಂತೆ ಕೇವಲ 'ಐಸ್‌ಕ್ರೀಂ' ಎಂದು ಮಾರುವ ಪದಾರ್ಥ ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು, ಅದರಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ 10ರಷ್ಟಿರಬೇಕು. ಮಧ್ಯಮ ಮತ್ತು ಕಡಿಮೆ ಕೊಬ್ಬಿನ ಬಗೆಗಳಿಗೆ ಲೀಟರಿಗೆ 475 ಗ್ರಾಂ ಕನಿಷ್ಠ ಮಿತಿ.

ಅಂದರೆ 10 ಕಿಲೋ ಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡು 10 ಲೀಟರ್ ತಂದವರ ಕೈಗೆ ಬಂದದ್ದು ಐದೂಕಾಲು ಕಿಲೋ ಇದ್ದರೂ ಆಶ್ಚರ್ಯವಿಲ್ಲ. ಅಂಗಡಿಯವರು ಮೋಸ ಮಾಡಿಲ್ಲ, ಲೆಕ್ಕ ಹಾಕಿದವರು ಅಳತೆ ಬದಲಿಸಿದ್ದಾರೆ ಅಷ್ಟೆ. ಆದ್ದರಿಂದ ಅಂದಾಜು ಆರಂಭದಿಂದ ಕೊನೆಯವರೆಗೂ ಮಿಲಿಲೀಟರ್‌ನಲ್ಲೇ ನಡೆಯಬೇಕು.

ತಲೆಗೆ ಎಷ್ಟು?

ಪೂರ್ಣ ಊಟದ ನಂತರ ಕೊಡುವ ಐಸ್‌ಕ್ರೀಂಗೆ ತಲೆಗೆ 50 ಮಿ.ಲೀ. ಸಾಕು. ಇದು ಒಂದು ಚಿಕ್ಕ ಕಪ್ಪಿನಷ್ಟು ಅಥವಾ ಒಂದು ಸ್ಕೂಪ್‌ನಷ್ಟು. ಊಟದಲ್ಲಿ ಎರಡು ಮೂರು ಸಿಹಿಗಳಿದ್ದರೆ ಇದಕ್ಕಿಂತ ಹೆಚ್ಚಿನದು ಎಲೆಯಲ್ಲೇ ಉಳಿಯುತ್ತದೆ. ಊಟವಿಲ್ಲದೆ ಕೇವಲ ಚೂಡಾ, ಸಮೋಸಾ ಮೊದಲಾದ ಉಪಾಹಾರವಿರುವ ಸಂಜೆಯ ಕೂಟಗಳಲ್ಲಿ ತಲೆಗೆ 80ರಿಂದ 100 ಮಿ.ಲೀ. ಇಟ್ಟುಕೊಳ್ಳುವುದು ಲೇಸು.

1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್‌ನಲ್ಲಿ ಆ ಕಡೆಯ ಊಟದ ಪದ್ಧತಿಗಳ ಪ್ರಭಾವ ಇಂದಿಗೂ ಉಳಿದಿದೆ. ಒಣ ಜರ್ದಾಳುವಿನಿಂದ ಮಾಡುವ ಖುಬಾನಿ ಕಾ ಮೀಠಾದ ಮೇಲೆ ಅಥವಾ ಹಣ್ಣಿನ ಸಲಾಡ್ ಮೇಲೆ ಐಸ್‌ಕ್ರೀಂ ಇಡುವುದಾದರೆ ಅದು ಮುಖ್ಯ ತಿನಿಸಲ್ಲ, ಜೊತೆಗಾರ ಮಾತ್ರ. ಆಗ 30ರಿಂದ 40 ಮಿ.ಲೀ. ಲೆಕ್ಕ ಸಾಕಾಗುತ್ತದೆ.

ಕುಲ್ಫಿಯ ಲೆಕ್ಕ ಬೇರೆ. ಹಾಲನ್ನು ಕಾಯಿಸಿ ಕಾಯಿಸಿ ಇಂಗಿಸಿ, ಕಡೆಯದೆ ಅಚ್ಚಿನಲ್ಲಿ ಗಟ್ಟಿಗೊಳಿಸುವುದರಿಂದ ಕುಲ್ಫಿಯಲ್ಲಿ ಗಾಳಿ ತೀರಾ ಕಡಿಮೆ. ಅದೇ ಗಾತ್ರದ ಐಸ್‌ಕ್ರೀಂಗಿಂತ ಅದು ಭಾರ, ಹೊಟ್ಟೆಗೂ ಭಾರ. ಕುಲ್ಫಿ ಇದ್ದಲ್ಲಿ ತಲೆಗೊಂದು ಎಂಬ ಲೆಕ್ಕವೇ ಸಾಕು, ಎರಡನೆಯದನ್ನು ಕೇಳುವವರು ವಿರಳ.

ಡಬ್ಬವೋ, ಕಪ್ಪೋ?

ಐಸ್‌ಕ್ರೀಂ ಅನ್ನು ಎರಡು ರೀತಿಯಲ್ಲಿ ಕೊಳ್ಳಬಹುದು. ಮೊದಲನೆಯದು 4 ಅಥವಾ 5 ಲೀಟರ್‌ನ ದೊಡ್ಡ ಡಬ್ಬ, ಎರಡನೆಯದು ಮುಚ್ಚಳವಿರುವ ಬಿಡಿ ಕಪ್ಪು. ಲೀಟರ್ ಲೆಕ್ಕದಲ್ಲಿ ದೊಡ್ಡ ಡಬ್ಬ ಸಾಮಾನ್ಯವಾಗಿ ಅಗ್ಗ. ಆದರೆ ಅಲ್ಲಿ ಕಾಣದ ನಷ್ಟವೊಂದಿದೆ.

ಕಾಗದದ ಲೆಕ್ಕದಂತೆ 4 ಲೀಟರ್ ಡಬ್ಬದಿಂದ 50 ಮಿ.ಲೀ.ನ 80 ಸ್ಕೂಪ್ ಬರಬೇಕು. ವಾಸ್ತವದಲ್ಲಿ ಬರುವುದಿಲ್ಲ. ಸ್ಕೂಪ್ ಒತ್ತಿದಾಗ ಒಳಗಿನ ಗಾಳಿ ಹೊರಹೋಗಿ ಐಸ್‌ಕ್ರೀಂ ಕುಗ್ಗುತ್ತದೆ. ಅಂಚಿನಲ್ಲಿ ಕರಗಿದ್ದು ತಳಕ್ಕೆ ಇಳಿಯುತ್ತದೆ. ಬಡಿಸುವವರ ಕೈ ಒಂದೇ ಸಮನೆ ಇರುವುದಿಲ್ಲ, ಪರಿಚಿತರು ಬಂದಾಗ ಸ್ಕೂಪ್ ದೊಡ್ಡದಾಗುತ್ತದೆ. ಇವೆಲ್ಲಕ್ಕೂ ಸೇರಿ ಶೇ 15ರಷ್ಟು ಕಡಿತ ಹಿಡಿದು, 4 ಲೀಟರ್ ಡಬ್ಬಕ್ಕೆ 68 ಸ್ಕೂಪ್ ಎಂದು ಎಣಿಸುವುದು ಸುರಕ್ಷಿತ.

ಸ್ಕೂಪ್‌ನ ಗಾತ್ರವನ್ನೂ ಗಮನಿಸಬೇಕು. ಹಲವು ಸ್ಕೂಪ್‌ಗಳ ಮೇಲೆ 16, 20, 24 ಎಂಬಂತಹ ಅಂಕಿ ಕೆತ್ತಿರುತ್ತಾರೆ. ಅಮೆರಿಕದ ಅಳತೆಯ ಒಂದು ಕ್ವಾರ್ಟ್‌ಗೆ, ಅಂದರೆ ಸುಮಾರು 946 ಮಿ.ಲೀ.ಗೆ, ಎಷ್ಟು ಸ್ಕೂಪ್ ಎಂಬುದನ್ನು ಆ ಅಂಕಿ ಸೂಚಿಸುತ್ತದೆ. 16ರ ಸ್ಕೂಪ್ ಸುಮಾರು 59 ಮಿ.ಲೀ., 20ರದ್ದು 47 ಮಿ.ಲೀ., 24ರದ್ದು 39 ಮಿ.ಲೀ. ಹಿಡಿಯುತ್ತದೆ. ಅಂಕಿ ದೊಡ್ಡದಾದಂತೆ ಸ್ಕೂಪ್ ಚಿಕ್ಕದು. 20ರ ಬದಲು 16ರ ಸ್ಕೂಪ್ ಕೈಗೆ ಬಂದರೆ ನಾಲ್ಕು ಡಬ್ಬದ ಕೆಲಸಕ್ಕೆ ಐದು ಡಬ್ಬ ಬೇಕಾದೀತು.

ಕಪ್ಪಿನಲ್ಲಿ ಈ ತೊಡಕಿಲ್ಲ. ಒಬ್ಬರಿಗೆ ಒಂದು, ಎಣಿಕೆ ಸುಲಭ. ಕೈ ತಾಗುವುದಿಲ್ಲವಾದ್ದರಿಂದ ಸ್ವಚ್ಛತೆಯೂ ಹೆಚ್ಚು. ತೆರೆಯದ ಕಪ್ಪುಗಳನ್ನು ಡೀಪ್ ಫ್ರೀಜರ್‌ನಿಂದ ಹೊರತೆಗೆಯದಿದ್ದರೆ ಉಳಿದವು ಮುಂದಿನ ದಿನಕ್ಕೂ ಆಗುತ್ತವೆ. ನೂರಕ್ಕಿಂತ ಹೆಚ್ಚು ಜನರಿರುವ ಔತಣಕ್ಕೆ, ಅದರಲ್ಲೂ ಬಫೆಯಲ್ಲಿ ನೂಕುನುಗ್ಗಲಾಗುವ ಕಡೆ, ಕಪ್ಪು ತುಸು ದುಬಾರಿಯಾದರೂ ಕೊನೆಗೆ ಲಾಭದಾಯಕ.

ಪತ್ರಿಕೆ ಎಷ್ಟು, ಜನ ಎಷ್ಟು?

ಲೆಕ್ಕ ತಪ್ಪುವ ಎರಡನೆಯ ಜಾಗ ಜನರ ಎಣಿಕೆ. ಹಂಚಿದ ಆಮಂತ್ರಣ ಪತ್ರಿಕೆಗಳ ಸಂಖ್ಯೆ ಬರುವವರ ಸಂಖ್ಯೆಯಲ್ಲ. ಊರೊಳಗಿನ ಪತ್ರಿಕೆಗೆ ಮನೆಮಂದಿಯೆಲ್ಲ ಬರುತ್ತಾರೆ. ದೂರದ ಪತ್ರಿಕೆಗೆ ಒಬ್ಬಿಬ್ಬರು ಬರುತ್ತಾರೆ. ಹೀಗಾಗಿ ಪತ್ರಿಕೆಗಳನ್ನು ಮೂರು ಕಟ್ಟು ಮಾಡಿಕೊಳ್ಳಬೇಕು: ಊರೊಳಗಿನವು, ತಾಲ್ಲೂಕಿನ ಹಳ್ಳಿಗಳವು, ಹೊರ ಊರಿನವು. ಮೊದಲ ಕಟ್ಟಿಗೆ ತಲಾ ಮೂವರು, ಉಳಿದ ಎರಡಕ್ಕೆ ತಲಾ ಇಬ್ಬರು ಎಂದು ಆರಂಭಿಸಿ, ತಮ್ಮ ಬಳಗದ ರೂಢಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಇದಕ್ಕೆ ಪತ್ರಿಕೆ ಇಲ್ಲದವರನ್ನು ಸೇರಿಸುವುದನ್ನು ಮರೆಯಬಾರದು. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು, ಶಾಮಿಯಾನದವರು, ಛಾಯಾಗ್ರಾಹಕರು, ಚಾಲಕರು ಇವರೆಲ್ಲರ ತಲೆ ಎಣಿಸಿ ಮೊತ್ತಕ್ಕೆ ಕೂಡಿಸಬೇಕು. ಕೊರತೆ ಬೀಳುವುದು ಬಹುತೇಕ ಇವರ ಪಾಲಿನಲ್ಲೇ.

ಬಂದವರೆಲ್ಲರೂ ಐಸ್‌ಕ್ರೀಂ ತಿನ್ನುವುದಿಲ್ಲ. ಮಧುಮೇಹಿಗಳು, ಹಲ್ಲು ಜುಮ್ಮೆನ್ನುವ ಹಿರಿಯರು, ಶೀತ ಕೆಮ್ಮು ಇರುವವರು ಬೇಡವೆನ್ನುತ್ತಾರೆ. ಪಾದರಸ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹತ್ತರಲ್ಲಿ ಒಂಬತ್ತು ಮಂದಿ ತೆಗೆದುಕೊಳ್ಳುತ್ತಾರೆ ಎಂದು ಹಿಡಿಯಬಹುದು. ಡಿಸೆಂಬರ್, ಜನವರಿಯ ಸಂಜೆಯಲ್ಲಿ ಹತ್ತರಲ್ಲಿ ಆರು ಸಾಕು. ಮಕ್ಕಳ ಮಾತು ಮಾತ್ರ ಯಾವ ಋತುವಿನಲ್ಲೂ ಬೇರೆ. ಬೇಸಿಗೆಯಲ್ಲಿ ಇಬ್ಬರಲ್ಲಿ ಒಬ್ಬರು, ಚಳಿಗಾಲದಲ್ಲಿ ನಾಲ್ವರಲ್ಲಿ ಒಬ್ಬರು ಎರಡನೆಯ ಕಪ್ಪಿಗೆ ಕೈ ಚಾಚುತ್ತಾರೆ ಎಂದಿಟ್ಟುಕೊಳ್ಳಬೇಕು. ಕೊನೆಗೆ ಒಟ್ಟು ಮೊತ್ತದ ಮೇಲೆ ಶೇ 5ರಷ್ಟು ಮೀಸಲು. ಇದಕ್ಕಿಂತ ಹೆಚ್ಚಿನ ಮೀಸಲು ಅನಗತ್ಯ.

ಮೂರು ಊರು, ಮೂರು ಲೆಕ್ಕ

ಮೇಲಿನ ಸೂತ್ರಗಳನ್ನು ಮೂರು ಕಾಲ್ಪನಿಕ ಉದಾಹರಣೆಗಳಿಗೆ ಅನ್ವಯಿಸಿ ನೋಡಬಹುದು.

ಬೀದರ್ ನಗರದಲ್ಲಿ ಹುಟ್ಟುಹಬ್ಬ: 25 ಮಕ್ಕಳು, 15 ಹಿರಿಯರು. ಊಟವಿಲ್ಲ, ಉಪಾಹಾರ ಮಾತ್ರ. ಮಕ್ಕಳಿಗೆ ತಲಾ 100 ಮಿ.ಲೀ.ಯಂತೆ 2,500 ಮಿ.ಲೀ. ಹಿರಿಯರಲ್ಲಿ 12 ಮಂದಿ ತಿನ್ನುವರೆಂದು ತಲಾ 50 ಮಿ.ಲೀ.ಯಂತೆ 600 ಮಿ.ಲೀ. ಒಟ್ಟು 3,100 ಮಿ.ಲೀ. ದೊಡ್ಡ ಡಬ್ಬದಿಂದ ಬಡಿಸುವ ನಷ್ಟವನ್ನು ತುಂಬಲು ಇದನ್ನು 0.85ರಿಂದ ಭಾಗಿಸಿದರೆ ಸುಮಾರು 3,650 ಮಿ.ಲೀ. ಅಂದರೆ 4 ಲೀಟರ್‌ನ ಒಂದು ಡಬ್ಬ. ಕೇಕ್ ದೊಡ್ಡದಿದ್ದರೆ ಮಕ್ಕಳ ಪಾಲನ್ನು 75 ಮಿ.ಲೀ.ಗೆ ಇಳಿಸಬಹುದು, ಆಗ 3 ಲೀಟರ್ ಸಾಕು. ನಗರದಲ್ಲಿ ಅಂಗಡಿ ಹತ್ತಿರವಿರುವುದರಿಂದ ಕಡಿಮೆ ಬಿದ್ದರೆ ತರಿಸಿಕೊಳ್ಳಬಹುದು. ಆದ್ದರಿಂದ ಇಲ್ಲಿ ಮೀಸಲಿನ ಅಗತ್ಯವೇ ಇಲ್ಲ.

ಭಾಲ್ಕಿಯಲ್ಲಿ ಬೇಸಿಗೆ ಮದುವೆ: 250 ಪತ್ರಿಕೆ. ಊರೊಳಗಿನ 100 ಪತ್ರಿಕೆಗೆ 300 ಜನ, ಹಳ್ಳಿಗಳ 100 ಪತ್ರಿಕೆಗೆ 200 ಜನ, ಹೊರ ಊರಿನ 50 ಪತ್ರಿಕೆಗೆ 100 ಜನ. ಕೆಲಸದವರು 40 ಮಂದಿ. ಒಟ್ಟು 640. ಊಟ ಭಾರವಿರುವುದರಿಂದ ಶೇ 85ರಷ್ಟು ಮಂದಿ ತಿನ್ನುವರೆಂದು ಹಿಡಿದರೆ 544 ಕಪ್ಪು. ಬಂದವರಲ್ಲಿ 120 ಮಕ್ಕಳಿದ್ದರೆ ಅವರಲ್ಲಿ ಅರ್ಧದಷ್ಟು ಮಂದಿಗೆ ಎರಡನೆಯ ಕಪ್ಪು, ಅಂದರೆ 60. ಮೊತ್ತ 604. ಮೀಸಲು ಸೇರಿ 634. ಹೀಗೆ 50 ಮಿ.ಲೀ.ನ 640 ಕಪ್ಪು, ಅಂದರೆ 32 ಲೀಟರ್ ಬೇಕಾಗುತ್ತದೆ. ಇದನ್ನೇ ದೊಡ್ಡ ಡಬ್ಬದಿಂದ ಬಡಿಸುವುದಾದರೆ 68 ಸ್ಕೂಪ್ ಲೆಕ್ಕದಲ್ಲಿ 10 ಡಬ್ಬ, ಅಂದರೆ 40 ಲೀಟರ್ ತರಬೇಕು. ಲೀಟರ್ ದರದ ಅಗ್ಗ 8 ಲೀಟರ್‌ನ ಹೆಚ್ಚುವರಿಯನ್ನು ಮೀರಿಸುತ್ತದೆಯೇ ಎಂದು ಕೂಡಿಸಿ ಕಳೆದು ನಿರ್ಧರಿಸುವುದು ಒಳಿತು.

ಭಾಲ್ಕಿಗೆ ಮತ್ತೊಂದು ವಿಶೇಷವಿದೆ. ಬೀದರ್‌ನಿಂದ ಕಮಲನಗರ, ಉದಗೀರ್ ಕಡೆಗೆ ಸಾಗುವ ರೈಲು ಮಾರ್ಗದಲ್ಲಿರುವುದರಿಂದ ಹೊರ ಊರಿನ ಬೀಗರು ರೈಲಿನಲ್ಲಿ ಬರುವುದುಂಟು. ರೈಲು ತಡವಾದರೆ ಊಟದ ಪಂಗತಿಯೂ ತಡವಾಗುತ್ತದೆ. ಅಂತಹ ಕಡೆ ಐಸ್‌ಕ್ರೀಂ ಅನ್ನು ಎರಡು ಕಂತಿನಲ್ಲಿ ಹೊರತೆಗೆಯಬೇಕೇ ಹೊರತು ಒಮ್ಮೆಗೇ ಮೇಜಿನ ಮೇಲೆ ಪೇರಿಸಬಾರದು.

ಔರಾದ್‌ನಲ್ಲಿ ತೊಟ್ಟಿಲು ಕಾರ್ಯಕ್ರಮ: ಕೆಲಸದವರೂ ಸೇರಿ 110 ಹಿರಿಯರು, 40 ಮಕ್ಕಳು. ಡಿಸೆಂಬರ್ ಸಂಜೆಯಾದರೆ ಹಿರಿಯರಿಗೆ 66, ಮಕ್ಕಳಿಗೆ 50, ಒಟ್ಟು 116 ಕಪ್ಪು. ಮೀಸಲು ಸೇರಿ 122, ಅಂದರೆ 125 ಕಪ್ಪು ತಂದರಾಯಿತು. ಅದೇ ಕಾರ್ಯಕ್ರಮ ಮೇ ತಿಂಗಳ ಮಧ್ಯಾಹ್ನ ನಡೆದರೆ ಹಿರಿಯರಿಗೆ 99, ಮಕ್ಕಳಿಗೆ 60, ಒಟ್ಟು 159. ಮೀಸಲು ಸೇರಿ 167, ಅಂದರೆ 170 ಕಪ್ಪು. ಮನೆ ಅದೇ, ಜನ ಅಷ್ಟೇ, ಋತು ಬದಲಾದದ್ದರಿಂದ 45 ಕಪ್ಪುಗಳ ವ್ಯತ್ಯಾಸ.

ಉಪ್ಪು ಮತ್ತು ಮಂಜುಗಡ್ಡೆ

ರಾಜ್ಯದ ಉತ್ತರ ತುದಿಯಲ್ಲಿರುವ, ರೈಲು ನಿಲ್ದಾಣವಿಲ್ಲದ ಔರಾದ್ ಪಟ್ಟಣ ಬೀದರ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ದೊಡ್ಡ ಪ್ರಮಾಣದ ಐಸ್‌ಕ್ರೀಂ ಅನ್ನು ಜಿಲ್ಲಾ ಕೇಂದ್ರದಿಂದ ತರುವುದಾದರೆ ರಸ್ತೆಯೊಂದೇ ದಾರಿ. ಇಲ್ಲಿ ಎಷ್ಟು ಕೊಳ್ಳಬೇಕು ಎನ್ನುವುದಕ್ಕಿಂತ ಎಷ್ಟನ್ನು ಗಟ್ಟಿಯಾಗಿಯೇ ತಲುಪಿಸಬಲ್ಲೆವು ಎಂಬ ಪ್ರಶ್ನೆ ದೊಡ್ಡದು.

ಐಸ್‌ಕ್ರೀಂ ಅನ್ನು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಡಬೇಕು. ಸಾದಾ ಮಂಜುಗಡ್ಡೆ ಕರಗುವಾಗ ಇರುವ ಉಷ್ಣತೆ ಶೂನ್ಯ ಡಿಗ್ರಿ. ಅಂದರೆ ಐಸ್‌ಕ್ರೀಂಗೆ ಹೋಲಿಸಿದರೆ ಮಂಜುಗಡ್ಡೆಯೇ ಬಿಸಿ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿ ಕಪ್ಪು ಜೋಡಿಸಿದರೂ ಊರು ಸೇರುವಷ್ಟರಲ್ಲಿ ಐಸ್‌ಕ್ರೀಂ ಮೆತ್ತಗಾಗಲು ಇದೇ ಕಾರಣ.

ಇದಕ್ಕೆ ಪರಿಹಾರ ಮಟ್ಕಾ ಕುಲ್ಫಿ ಮಾರುವವರಿಗೆ ಹಿಂದಿನಿಂದಲೂ ಗೊತ್ತು. ಪುಡಿ ಮಾಡಿದ 3 ಕಿಲೋ ಮಂಜುಗಡ್ಡೆಗೆ 1 ಕಿಲೋ ಕಲ್ಲುಪ್ಪು ಬೆರೆಸಿದರೆ ಮಿಶ್ರಣದ ಉಷ್ಣತೆ ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ. ಉಪ್ಪು ಮತ್ತು ಮಂಜುಗಡ್ಡೆಯ ಮಿಶ್ರಣ ತಲುಪಬಲ್ಲ ಕನಿಷ್ಠ ಮಟ್ಟ ಶೂನ್ಯಕ್ಕಿಂತ ಸುಮಾರು 21 ಡಿಗ್ರಿ ಕೆಳಗೆ. ಮಿಶ್ರಣವನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪ್ಪುಗಳ ಮೇಲೆ, ಕೆಳಗೆ ಇಡಬೇಕು. ಉಪ್ಪುನೀರು ಕಪ್ಪಿನೊಳಗೆ ಇಳಿಯದಂತೆ ಎಚ್ಚರ ವಹಿಸಬೇಕು. ಪೆಟ್ಟಿಗೆಯಲ್ಲಿ ಖಾಲಿ ಜಾಗ ಬಿಡಬಾರದು, ದಾರಿಯಲ್ಲಿ ಮುಚ್ಚಳ ತೆರೆಯಬಾರದು.

ಮಂಟಪದಲ್ಲಿ ಡೀಪ್ ಫ್ರೀಜರ್ ಇದ್ದರೆ ಅದನ್ನು ಹಿಂದಿನ ರಾತ್ರಿಯೇ ಚಾಲೂ ಮಾಡಿ ತಣಿಸಿಡಬೇಕು. 300 ಲೀಟರ್ ಎಂದು ಬರೆದ ಫ್ರೀಜರ್‌ನಲ್ಲಿ 300 ಲೀಟರ್ ಐಸ್‌ಕ್ರೀಂ ಹಿಡಿಸುವುದಿಲ್ಲ, ಸಂದುಗಳನ್ನು ಕಳೆದು ಮೂರನೆಯ ಎರಡು ಭಾಗ ಎಂದು ಎಣಿಸುವುದು ಸೂಕ್ತ. ಮನೆಯ ಒಂದು ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆಯನ್ನು ನಂಬಿ ನೂರಾರು ಕಪ್ಪು ತರುವುದು ಜಾಣತನವಲ್ಲ. ಹೊಸದಾಗಿ ತಂದದ್ದನ್ನು ಗಟ್ಟಿಗೊಳಿಸುವ ಶಕ್ತಿ ಅದಕ್ಕಿರುವುದಿಲ್ಲ. ವಿದ್ಯುತ್ ಹೋದಾಗ ಫ್ರೀಜರ್‌ನ ಮುಚ್ಚಳ ತೆರೆಯದಿರುವುದೇ ಮೊದಲ ರಕ್ಷಣೆ. ಜನರೇಟರ್ ವ್ಯವಸ್ಥೆ ಇದೆಯೇ ಎಂದು ಮುಂಗಡ ಕೊಡುವ ಮುನ್ನವೇ ಮಂಟಪದವರನ್ನು ಕೇಳಬೇಕು.

ಉಳಿದರೆ ಏನು ಮಾಡಬೇಕು?

ಕರಗಿದ ಐಸ್‌ಕ್ರೀಂ ಅನ್ನು ಮತ್ತೆ ಫ್ರೀಜರ್‌ಗೆ ಹಾಕಿ ಮರುದಿನ ಮಕ್ಕಳಿಗೆ ಕೊಡುವ ಪರಿಪಾಠ ಹಲವು ಮನೆಗಳಲ್ಲಿದೆ. ಇದು ಅಪಾಯಕಾರಿ. ಮತ್ತೆ ಗಟ್ಟಿಯಾದಾಗ ಅದು ಮರಳು ಮರಳಾಗುವುದಷ್ಟೇ ಅಲ್ಲ, ಕರಗಿದ್ದ ಅವಧಿಯಲ್ಲಿ ಬೆಳೆದ ರೋಗಾಣುಗಳು ಹಾಗೆಯೇ ಉಳಿಯುತ್ತವೆ. ಶೀತಲೀಕರಣ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ವಿನಾ ಕೊಲ್ಲುವುದಿಲ್ಲ. 2010ರಿಂದ 2015ರವರೆಗೆ ಅಮೆರಿಕದ 4 ರಾಜ್ಯಗಳಲ್ಲಿ ಐಸ್‌ಕ್ರೀಂಗೆ ಸಂಬಂಧಿಸಿದ ಲಿಸ್ಟೀರಿಯಾ ಸೋಂಕಿಗೆ 10 ಮಂದಿ ತುತ್ತಾಗಿ, ಅವರಲ್ಲಿ 3 ಮಂದಿ ಮೃತಪಟ್ಟಿದ್ದರು. ಬೇಗ ಕೆಡುವ ಆಹಾರವನ್ನು 2 ಗಂಟೆಗಿಂತ ಹೆಚ್ಚು, ವಾತಾವರಣ 32 ಡಿಗ್ರಿ ಮೀರಿದ್ದರೆ 1 ಗಂಟೆಗಿಂತ ಹೆಚ್ಚು ಹೊರಗಿಡಬಾರದು ಎಂಬುದು ಆ ದೇಶದ ಆಹಾರ ಸುರಕ್ಷತಾ ಸಲಹೆ. ಬೀದರ್‌ನ ಬೇಸಿಗೆಗೆ ಎರಡನೆಯ ಮಿತಿಯೇ ಅನ್ವಯ.

ಆದ್ದರಿಂದ ಕೊಳ್ಳುವಾಗಲೇ ಮಾರಾಟಗಾರರೊಂದಿಗೆ ಮಾತು ಖಚಿತಪಡಿಸಿಕೊಳ್ಳಬೇಕು. ಅವರದೇ ಫ್ರೀಜರ್ ಇಟ್ಟು, ಹೊರತೆಗೆಯದ ಕಪ್ಪುಗಳನ್ನು ವಾಪಸು ಪಡೆಯಲು ಒಪ್ಪಿದರೆ ಅರ್ಧ ಚಿಂತೆ ಕಳೆದಂತೆ. ಈ ಒಪ್ಪಂದ ರಸೀದಿಯಲ್ಲಿ ಬರೆದಿರಲಿ.

ಖರೀದಿಗೆ ಮುನ್ನ

ಡಬ್ಬಿಯ ಮೇಲಿನ ಹೆಸರು ಓದುವುದು ಅಗತ್ಯ. 'ಐಸ್‌ಕ್ರೀಂ' ಎಂದಿದ್ದರೆ ಅದು ಹಾಲಿನ ಕೊಬ್ಬಿನದ್ದು. 'ಫ್ರೋಜನ್ ಡೆಸರ್ಟ್' ಎಂದಿದ್ದರೆ ಅದರಲ್ಲಿ ಸಸ್ಯಜನ್ಯ ಎಣ್ಣೆ ಅಥವಾ ಕೊಬ್ಬು ಇರುತ್ತದೆ. ಎರಡನ್ನೂ ಮಾರಲು ಕಾನೂನಿನ ಅನುಮತಿಯಿದೆ. ಆದರೆ ದರ ಹೋಲಿಸುವಾಗ ಒಂದನ್ನು ಇನ್ನೊಂದರೊಂದಿಗೆ ತೂಗಬಾರದು. ತೂಕವೂ ಮುದ್ರಿತವಾಗಿದ್ದರೆ 100 ಗ್ರಾಂಗೆ ಎಷ್ಟು ಬೀಳುತ್ತದೆ ಎಂದು ನೋಡಿದರೆ ನಿಜವಾದ ಬೆಲೆ ತಿಳಿಯುತ್ತದೆ.

2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಐಸ್‌ಕ್ರೀಂ ಮೇಲೆ ಶೇ 18ರಷ್ಟು ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. ಹಳೆಯ ಮದುವೆಯ ಖರ್ಚಿನ ಪಟ್ಟಿ ಹಿಡಿದು ಅಂದಾಜು ಮಾಡುವವರು ಈ ಬದಲಾವಣೆಯನ್ನು ಗಮನಿಸಬೇಕು. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ.

ಒಟ್ಟಾರೆ ಸೂತ್ರವನ್ನು ಹೀಗೆ ಸಂಗ್ರಹಿಸಬಹುದು: ಕೆಲಸದವರೂ ಸೇರಿ ಬರುವ ಜನರನ್ನು ಎಣಿಸಿ, ಋತುವಿಗೆ ತಕ್ಕಂತೆ ತಿನ್ನುವವರ ಪ್ರಮಾಣ ಹಿಡಿದು, ಮಕ್ಕಳ ಎರಡನೆಯ ಕಪ್ಪು ಕೂಡಿಸಿ, ಶೇ 5ರಷ್ಟು ಮೀಸಲು ಸೇರಿಸಿ, 50 ಮಿ.ಲೀ.ಯಿಂದ ಗುಣಿಸಬೇಕು. ಡಬ್ಬದಿಂದ ಬಡಿಸುವುದಾದರೆ ಬಂದ ಮೊತ್ತವನ್ನು 0.85ರಿಂದ ಭಾಗಿಸಬೇಕು.

ಲೆಕ್ಕ ಎಷ್ಟೇ ಸರಿಯಿದ್ದರೂ ಹಂಚುವಾಗ ಒಂದು ಕ್ರಮ ಪಾಲಿಸಿದರೆ ಕೊರತೆಯ ಭಯವಿಲ್ಲ. ಕೆಲಸದವರಿಗೂ ಬಡಿಸುವ ಮನೆಮಂದಿಗೂ ಬೇಕಾದಷ್ಟು ಕಪ್ಪುಗಳನ್ನು ಮೊದಲೇ ಎಣಿಸಿ, ಬೇರೆ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಹೊಣೆಯನ್ನು ಮನೆಯವರೊಬ್ಬರಿಗೆ ವಹಿಸಬೇಕು. ಭಾಲ್ಕಿಯ ಉದಾಹರಣೆಯಲ್ಲಿ ಕೆಲಸದವರ ಪಾಲು 640ರಲ್ಲಿ ಕೇವಲ 40 ಕಪ್ಪು, ಅಂದರೆ 2 ಲೀಟರ್. ಇಷ್ಟನ್ನು ತೆಗೆದಿಟ್ಟರೆ ಮೊದಲ ಪಂಗತಿಯವರಿಗೆ ಏನೂ ಕಡಿಮೆಯಾಗುವುದಿಲ್ಲ, ಕೊನೆಯ ಪಂಗತಿಯವರು ಬರಿಗೈಯಲ್ಲಿ ಏಳುವುದಿಲ್ಲ.